ಟ್ರಾಲಿಗೊಂದು ಬಾಗಿಲು

ಮನೆಗೆ ಮುಂಬಾಗಿಲೇ ಭೂಷಣ. ರಂಗವಲ್ಲಿ, ತೋರಣ, ಹೊಸ್ತಿಲ ಪೂಜೆ, ಎಲ್ಲವೂ ಅದಕ್ಕೇ ಸಲ್ಲುತ್ತವೆ. ಹಿತ್ತಿಲ ಬಾಗಿಲನ್ನು ಕೇಳುವವರಿಲ್ಲ. ಹೊಲಕ್ಕೆ ಗೊಬ್ಬರ ಸಾಗಿಸುವ ಟ್ರಾಲಿಯ ವಿಷಯದಲ್ಲಿ ಮಾತ್ರ ಈ ಮರ್ಯಾದೆ ತಿರುಗುಮುರುಗಾಗಿದೆ. ಅದಕ್ಕಿರುವುದು ಹಿಂಬಾಗಿಲೊಂದೇ, ಅದು ಸರಿಯಿಲ್ಲದಿದ್ದರೆ ಮಿಕ್ಕ ಮೂರು ಗೋಡೆಗಳೂ ವ್ಯರ್ಥ.

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ದಡದ ಊರು. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಎಷ್ಟು ಸಲ ಬದಲಾದರೇನು, ಮುಂಗಾರಿಗೆ ಮುನ್ನ ತಿಪ್ಪೆಯ ಗೊಬ್ಬರ ಹೊಲ ಸೇರಲೇಬೇಕು.

ಈ ಊರಿನ ರೈತರೊಬ್ಬರ ಮಗ ಹಳೆಯ ಹೈಡ್ರಾಲಿಕ್ ಟ್ರಾಲಿಯೊಂದನ್ನು ಅಗ್ಗಕ್ಕೆ ಕೊಂಡು ತಂದ. ಹಿಂದಿನ ಡೋರು ತುಕ್ಕು ತಿಂದು ಎಂದೋ ಗುಜರಿಗೆ ಹೋಗಿತ್ತು. ಬೆಲೆ ಇಳಿದದ್ದೂ ಅದರಿಂದಲೇ. ಮೊದಲ ಸುಗ್ಗಿಯಲ್ಲಿ ಅವನು ಹಲಗೆಯೊಂದನ್ನು ಅಡ್ಡವಿಟ್ಟು, ಸಂದಿಗೆ ಗೋಣಿಚೀಲ ತುರುಕಿ ಮೆಕ್ಕೆಜೋಳ ಸಾಗಿಸಿದ. ದಾರಿಯುದ್ದಕ್ಕೂ ಕಾಳಿನ ಗೆರೆ ಬಿತ್ತು. ಟ್ರಾಲಿಯ ಹಿಂದೆ ಊರ ಕೋಳಿಗಳ ಮೆರವಣಿಗೆ ಹೊರಟಿತು. ನೋಡಿದವರು ನಕ್ಕರು. ಸಾಲ ತೀರಿಸಬೇಕಾದ ಮನೆಯವರಿಗೆ ನಗು ಬರಲಿಲ್ಲ.

ತಂದೆ ಬಂಡಿಯ ಕಾಲದವರು. ಭಾರತದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರು 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಿದ್ದರೂ, ಅವರ ಪ್ರಾಯದ ದಿನಗಳು ಎತ್ತಿನ ಹಿಂದೆಯೇ ಕಳೆದವು. ಗೊಬ್ಬರದ ಬಂಡಿಗೆ ಆಗ ಬಾಗಿಲೆಂಬುದಿರಲಿಲ್ಲ. ತೊಗರಿ ಕಟ್ಟಿಗೆಯ ತಟ್ಟಿಯನ್ನು ಸುತ್ತ ಗೂಟಗಳಿಗೆ ಆನಿಸಿ ಕಟ್ಟುತ್ತಿದ್ದರು. ಹೊಲದಲ್ಲಿ ಎತ್ತು ಬಿಚ್ಚಿ, ಹಿಂದಿನ ತಟ್ಟಿ ತೆಗೆದು, ಮೂಕಿಯನ್ನು ಮೇಲೆತ್ತಿದರೆ ಗೊಬ್ಬರ ತಾನೇ ಜಾರುತ್ತಿತ್ತು. ಇಂದು ಎಣ್ಣೆಯ ಒತ್ತಡದಿಂದ ಜಾಕು ಮಾಡುವ ಕೆಲಸವೂ ಅದೇ. ವ್ಯತ್ಯಾಸವಿರುವುದು ಭಾರದಲ್ಲಿ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಟ್ರಾಲಿಯ ತುಂಬ ಮೆಕ್ಕೆಜೋಳ ತುಂಬಿದರೆ ಸುಮಾರು 2,400 ಕಿಲೋ ಆಗುತ್ತದೆ. ಪೆಟ್ಟಿಗೆ ಮೇಲೆದ್ದಂತೆ ಅದರ ನೂಕೆಲ್ಲ ಹಿಂಬಾಗಿಲಿನ ಮೇಲೆ ಬೀಳುತ್ತದೆ. ತಟ್ಟಿಯ ಲೆಕ್ಕ ಇಲ್ಲಿ ನಡೆಯದು.

ಮಗ ವೆಲ್ಡಿಂಗ್ ಅಂಗಡಿಯ ಮುಂದೆ ಕುಳಿತು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದ. ಆರಡಿಗೆ ಎರಡಡಿಯ, 3 ಮಿಲಿಮೀಟರ್ ದಪ್ಪದ ತಗಡೊಂದೇ 26 ಕಿಲೋ ತೂಗುತ್ತದೆ. ಸುತ್ತ ಆಂಗಲ್ ಕಟ್ಟಿದರೆ ನಲವತ್ತು ದಾಟುತ್ತದೆ. ಬಿಜಾಗರಿಯನ್ನು ಕೆಳಗಿಟ್ಟರೆ ಡೋರು ಕೆಳಮುಖವಾಗಿ ಬೀಳುತ್ತದೆ. ಕಲ್ಲು, ಚೀಲ ಇಳಿಸಲು ಅದು ಅನುಕೂಲ. ಆದರೆ ಟ್ರಾಲಿ ಎತ್ತಿದಾಗ ಅದು ಸುರಿದ ರಾಶಿಯಲ್ಲಿ ಹೂತುಹೋಗುತ್ತದೆ. ಮೇಲಿಟ್ಟರೆ ಬಾಗಿಲು ನೆಟ್ಟಗೆ ಜೋಲುತ್ತದೆ, ಪೆಟ್ಟಿಗೆಯ ತಳವೇ ಅದರಿಂದ ದೂರ ಸರಿಯುತ್ತದೆ, ಸಂದಿಯಿಂದ ಸರಕು ಹರಿಯುತ್ತದೆ. ಅವನು ಮೇಲೆಯೂ ಕೆಳಗೂ ಬಿಜಾಗರಿ ಇಡಿಸಿದ. ಬೇಕಾದ ಕಡೆಯ ಕೀಲು ಉಳಿಸಿಕೊಂಡು ಬೇಡವಾದದ್ದನ್ನು ಕಿತ್ತರಾಯಿತು. ಕಾಲೇಜಿನ ಗಣಿತ ಅವನಿಗೆ ಒಲಿದಿರಲಿಲ್ಲವಂತೆ. ಒಲಿದವರಲ್ಲಿ ಎಷ್ಟು ಮಂದಿಗೆ ಇದು ಹೊಳೆದೀತು!

ಮೊದಲ ಪರೀಕ್ಷೆ ತಿಪ್ಪೆಯ ಬಳಿಯೇ ನಡೆಯಿತು. ಗೊಬ್ಬರ ತುಂಬಿ, ಜಾಕು ಅರ್ಧ ಎತ್ತಿ, ಮಗ ಸುತ್ತಿಗೆ ಹಿಡಿದು ಟ್ರಾಲಿಯ ಹಿಂದೆ ನಿಂತ. ಭಾರಕ್ಕೆ ಬಿಗಿದಿದ್ದ ಕೆಳಗಿನ ಕೀಲು ಬಡಿದರೂ ಅಲುಗಲಿಲ್ಲ. ಮತ್ತೊಂದು ಪೆಟ್ಟಿಗೆ ಕೈಯೆತ್ತಿದವನ ತೋಳು ಹಿಡಿದು ತಂದೆ ಪಕ್ಕಕ್ಕೆಳೆದರು.

"ಸರಿ ಅತ್ಲಾಗೆ! ಹಿಂದ್ ನಿಂತು ಯಾರಾದ್ರೂ ಕೀಲು ಕೀಳ್ತಾರೇನೋ?"

"ಬಂಡಿ ಕಾಲ ಹೋತಪ್ಪಾ, ಈಗೆಲ್ಲ ಕಬ್ಬಿಣ."

ಆ ಮಾತು ಮುಗಿಯುವ ಮೊದಲೇ ಸಡಿಲವಾಗಿದ್ದ ಕೀಲು ಸಿಡಿಯಿತು. ನಲವತ್ತು ಕಿಲೋ ಕಬ್ಬಿಣ ಹೊರಕ್ಕೆ ಚಿಮ್ಮಿತು. ಅವನು ನಿಂತಿದ್ದ ಜಾಗದಲ್ಲಿ ಮೊಳಕಾಲು ಮುಳುಗುವಷ್ಟು ಗೊಬ್ಬರ ಬಿತ್ತು. ಅಪ್ಪ, ಮಗ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆ ರಾತ್ರಿ ಊಟದ ಹೊತ್ತಿಗೂ ಈ ಸಂಗತಿ ತಾಯಿಯ ಕಿವಿಗೆ ಬೀಳಲಿಲ್ಲ.

ಮರುದಿನ ಟ್ರಾಲಿ ಮತ್ತೆ ವೆಲ್ಡಿಂಗ್ ಅಂಗಡಿಗೆ ಹೋಯಿತು. ಎರಡು ಮೂಲೆಗಳಲ್ಲಿದ್ದ ಕೀಲುಗಳ ಬದಲು ಎರಡು ಕೊಕ್ಕೆಗಳು ಬಂದವು. ಅವುಗಳನ್ನು ತಳದಲ್ಲಿ ಒಂದೇ ಸರಳಿಗೆ ಜೋಡಿಸಿ, ಹಿಡಿಕೆಯನ್ನು ಟ್ರಾಲಿಯ ಮುಂಭಾಗದ ಎಡಪಕ್ಕಕ್ಕೆ ತಂದರು. ಅಲ್ಲಿ ನಿಂತು ಎಳೆದರೆ ಎರಡೂ ಕೊಕ್ಕೆಗಳು ಒಟ್ಟಿಗೆ ಬಿಡುತ್ತವೆ. ಹಿಂದೆ ಮನುಷ್ಯನಿಗೆ ಕೆಲಸವೇ ಇಲ್ಲ. ಹಿಡಿಕೆ ಎಷ್ಟು ಮುಂದಿರಬೇಕೆಂಬುದನ್ನು ತಂದೆ ತಾವೇ ಹೆಜ್ಜೆ ಹಾಕಿ ಅಳೆದುಕೊಟ್ಟರಂತೆ. ಸಂದಿ ಮುಚ್ಚಲು ಹಳೆಯ ಟಯರಿನ ಟ್ಯೂಬು ಕತ್ತರಿಸಿ ಅಂಚಿಗೆ ಪಟ್ಟಿ ಹೊಡೆದರು. ಕೋಳಿಗಳ ಪಾಲು ಅಲ್ಲಿಗೆ ತೀರಿತು.

ಉಳಿದದ್ದು ಸರಪಳಿಯ ಪ್ರಶ್ನೆ. ಡೋರಿನ ಕೆಳಯಂಚಿನಿಂದ ಪೆಟ್ಟಿಗೆಗೆ ಎರಡೂ ಬದಿ ಸರಪಳಿ ಹಾಕಿದರೆ ಬಾಗಿಲು ಅಷ್ಟೇ ತೆರೆಯುತ್ತದೆ. ಟ್ರ್ಯಾಕ್ಟರು ಮೆಲ್ಲನೆ ಸಾಗುತ್ತಿದ್ದಂತೆ ಗೊಬ್ಬರ ತೆಳ್ಳಗೆ ಸುರಿಯುತ್ತದೆ. ಹೊಲದಲ್ಲಿ ಮಗ ಮೂರನೆಯ ಕೊಂಡಿಗೆ ಸಿಕ್ಕಿಸಿದ. ಹುಲ್ಲು ಬೆರೆತ ಹಸಿ ಗೊಬ್ಬರ ಸಂದಿಯಲ್ಲೇ ಕಟ್ಟಿಕೊಂಡಿತು. ಏಳನೆಯದಕ್ಕೆ ಸಿಕ್ಕಿಸಿದರೆ ಅರ್ಧ ಟ್ರಾಲಿ ಒಂದೇ ಕಡೆ ಕುಸಿಯಿತು. ಬದುವಿನ ಮೇಲೆ ಕುಳಿತಿದ್ದ ತಂದೆ ಬೆರಳೆತ್ತಿ ಐದು ಎಂದು ತೋರಿಸಿದರು. ಮಗ ಐದಕ್ಕೆ ಸಿಕ್ಕಿಸಿ, ಮುಂದಕ್ಕೆ ನಡೆದು ಹಿಡಿಕೆಗೆ ಕೈಹಾಕಿದ.