ಕಬ್ಬಿಣಕ್ಕಲ್ಲ, ಕಾಗದಕ್ಕೆ ಬೆಲೆ

2020ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಕಿಸಿಮಿ ಎಂಬ ಊರಿನಲ್ಲಿ ನಡೆದ ಹರಾಜಿಗೆ ಹಸಿರು ಬಣ್ಣದ ಒಂದು ಹಳೆಯ ಫೋರ್ಡ್ ಮಸ್ಟಾಂಗ್ ಕಾರು ಬಂತು. ಬಣ್ಣ ಮಾಸಿತ್ತು. ಮೈಮೇಲೆ ಗೀರುಗಳು, ತಗ್ಗುಗಳು. ಮಾರುವವರು ಅದನ್ನು ಒರೆಸಿ ಹೊಳೆಯಿಸುವ ಗೋಜಿಗೂ ಹೋಗಿರಲಿಲ್ಲ. 3,500 ಡಾಲರಿನಿಂದ ಸವಾಲು ಆರಂಭವಾಯಿತು. ಕೆಲವೇ ನಿಮಿಷಗಳಲ್ಲಿ ಸುತ್ತಿಗೆ ಬಿದ್ದಾಗ ಬೆಲೆ 34 ಲಕ್ಷ ಡಾಲರ್. ಹರಾಜು ಸಂಸ್ಥೆಯ ಕಮಿಷನ್ ಸೇರಿ 37.4 ಲಕ್ಷ. ಇಂದಿನ ಲೆಕ್ಕದಲ್ಲಿ ಮೂವತ್ತು ಕೋಟಿ ರೂಪಾಯಿಗೂ ಮೇಲೆ!

ಅದೇ ವರ್ಷ ಅದೇ ಕಾರ್ಖಾನೆಯಿಂದ ಹೊರಬಂದ, ಅದೇ ಎಂಜಿನ್ ಇರುವ, ಇದಕ್ಕಿಂತ ಥಳಥಳಿಸುವ ಮಸ್ಟಾಂಗ್‌ಗಳು ಇದರ ಇಪ್ಪತ್ತರಲ್ಲಿ ಒಂದು ಪಾಲು ಬೆಲೆಗೂ ಹೋಗುವುದಿಲ್ಲ. ಹಾಗಾದರೆ ಮಿಕ್ಕ ಹತ್ತೊಂಬತ್ತು ಪಾಲು ಹಣ ಯಾವುದಕ್ಕೆ ಸಂದಿತು? 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಓಡಿಸಿದ ಕಾರು ಇದೇ ಎನ್ನುವುದಕ್ಕೆ. ಅದಕ್ಕಿಂತಲೂ ಮುಖ್ಯವಾಗಿ, ಇದೇ ಎಂದು ತೋರಿಸಬಲ್ಲ ಪುರಾವೆಗೆ. 1974ರಲ್ಲಿ ಒಂದು ಸಾಧಾರಣ ಕುಟುಂಬ ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಇದನ್ನು ಕೊಂಡಿತ್ತು. ಆ ಮನೆಯಾಕೆ ಶಾಲೆಯಲ್ಲಿ ಪಾಠ ಹೇಳಲು ಇದೇ ಕಾರಿನಲ್ಲಿ ಹೋಗಿಬರುತ್ತಿದ್ದರು. 1977ರಲ್ಲಿ ಮೆಕ್ವೀನ್ ಸ್ವತಃ ಪತ್ರ ಬರೆದು, ತನಗೆ ಮಾರುವಿರಾ ಎಂದು ಕೇಳಿದ. ಅವರು ಮಾರಲಿಲ್ಲ. ಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಮುಂದೆ ಹಳೆಯ ಕಾರು ಕೋಟಿಗಳ ಮಾತಾದಾಗ ಆ ಪತ್ರದ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಇಂತಹ ಕಾರುಗಳಿಗೆ ಅಮೆರಿಕನ್ನರು ಇಟ್ಟ ಹೆಸರು ಮಸಲ್ ಕಾರ್, ಅಂದರೆ ಸ್ನಾಯುಬಲದ ಕಾರು. ಸೂತ್ರ ಬಹಳ ಸರಳ: ಮಧ್ಯಮ ಗಾತ್ರದ, ಅಗ್ಗದ ಕಾರಿಗೆ ದೊಡ್ಡ ಕಾರಿನ ಭಾರೀ ಎಂಜಿನ್ ಹಾಕುವುದು. ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮವಿತ್ತು. ಅದರ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 1964ರ ಮಾದರಿಗೆ 389 ಘನ ಅಂಗುಲದ ಎಂಜಿನ್ ಹಾಕಿ, ಇದು ಹೊಸ ಕಾರಲ್ಲ, ಇರುವ ಕಾರಿಗೇ ಬೇಕಾದವರು ಹಾಕಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ ಎಂದು ನಿಯಮದಿಂದ ನುಣುಚಿಕೊಂಡರು. ಅದೇ ಜಿಟಿಓ. ಮೊದಲ ವರ್ಷವೇ 32 ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಉಳಿದ ಕಂಪನಿಗಳು ಸುಮ್ಮನಿದ್ದಾವೆಯೆ? ಪ್ಲಿಮತ್, ಡಾಡ್ಜ್, ಷೆವ್ರೊಲೆ, ಫೋರ್ಡ್ ಎಲ್ಲವೂ ಅಖಾಡಕ್ಕೆ ಇಳಿದವು. 1970ರ ಹೊತ್ತಿಗೆ ಇಪ್ಪತ್ತರ ಹರೆಯದ ಹುಡುಗ ಕಂತಿನಲ್ಲಿ ಕೊಳ್ಳಬಹುದಾದ ಕಾರಿನಲ್ಲಿ 425, 450 ಅಶ್ವಶಕ್ತಿ ಇತ್ತು. ಬ್ರೇಕು ಮಾತ್ರ ಆ ಶಕ್ತಿಗೆ ತಕ್ಕುದಾಗಿರಲಿಲ್ಲ. ವಿಮೆ ಕಂಪನಿಗಳು ಕಂತು ಏರಿಸಿದವು, ಹೊಗೆಯ ಮೇಲೆ ಸರ್ಕಾರದ ಕಟ್ಟುಪಾಡು ಬಂತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಆಟ ಮುಗಿಯಿತು.

ಆಗ ಆ ಕಾರು ಕೊಳ್ಳಲಾಗದೆ ಬೇಲಿಯಾಚೆ ನಿಂತು ನೋಡಿದ ಹುಡುಗರು ಮೂವತ್ತು ವರ್ಷಗಳ ನಂತರ ಕೈಯಲ್ಲಿ ಕಾಸು ಉಳ್ಳವರಾದರು. ಬೆಲೆ ಏರಿದ್ದು ಹೀಗೆ. 1971ರ ಪ್ಲಿಮತ್ ಹೆಮಿ ಕೂಡಾ ಎಂಬ ಮಡಚುವ ಮಾಡಿನ ಕಾರು ತಯಾರಾದದ್ದೇ ಒಂದು ಡಜನ್ನಿಗೂ ಕಡಿಮೆ. 2014ರಲ್ಲಿ ಸಿಯಾಟಲ್‌ನಲ್ಲಿ ಅಂಥದೊಂದು 35 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇದೇ ಮಾದರಿಯ ಕಾರಿಗೆ 48 ಲಕ್ಷದವರೆಗೆ ಸವಾಲು ಏರಿದರೂ ಮಾಲೀಕ ಕೊಡಲಿಲ್ಲ.

ಇಷ್ಟು ಹಣ ಓಡಾಡುವ ಕಡೆ ಮೋಸ ಹುಟ್ಟದಿರುವುದು ಹೇಗೆ? ಈ ಕಾರುಗಳ ವಿಷಯದಲ್ಲಿ ಮೋಸಕ್ಕೆ ದಾರಿಯನ್ನು ಆ ಕಾಲದ ಕಂಪನಿಗಳೇ ತೆರೆದಿಟ್ಟಿದ್ದವು. ಸಾಮಾನ್ಯ ಕಾರು, ಬಲಶಾಲಿ ಕಾರು ಎರಡರ ಮೈಯೂ ಒಂದೇ. ವ್ಯತ್ಯಾಸ ಎಂಜಿನ್ನಿನಲ್ಲಿ, ಗೇರ್‌ಬಾಕ್ಸ್‌ನಲ್ಲಿ, ಒಂದೆರಡು ಲಾಂಛನಗಳಲ್ಲಿ. ಸಾಮಾನ್ಯ ಮಾದರಿಯ ಮೈ ತಂದು, ಎಲ್ಲಿಂದಲೋ ದೊಡ್ಡ ಎಂಜಿನ್ ಹುಡುಕಿ ಕೂರಿಸಿ, ಲಾಂಛನ ಅಂಟಿಸಿದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಹೀಗೆ ಮಾಡಿದ್ದನ್ನು 'ಕ್ಲೋನ್' ಎಂದು ಬಾಯಿಬಿಟ್ಟು ಹೇಳಿ ಮಾರಿದರೆ ತಪ್ಪೇನಿಲ್ಲ. ಓಡಿಸುವ ಸುಖ ಬೇಕೆಂಬವನಿಗೆ ಅದೇ ಜಾಣತನದ ವ್ಯಾಪಾರ ಎಂದರೂ ಸಲ್ಲುತ್ತದೆ. ಹೇಳದೆ ಮಾರಿದಾಗಲೇ ತೊಂದರೆ. ಹೆಚ್ಚು ಬೇಡಿಕೆಯ ಮಾದರಿಗಳು ತಯಾರಾದ ಕಾಲಕ್ಕಿಂತ ಈಗಲೇ ಹೆಚ್ಚು ಸಂಖ್ಯೆಯಲ್ಲಿವೆ ಎಂದು ಅಮೆರಿಕದ ಕಾರುಪ್ರಿಯರು ನಗೆಯಾಡುವುದುಂಟು.

ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಇಲ್ಲಿ ಹಲ್ಲಿನ ಬದಲಿಗೆ ನಂಬರುಗಳು. ಮೊದಲನೆಯದು ಚಾಸಿಸ್ ನಂಬರು. ಬುಲಿಟ್ ಮಸ್ಟಾಂಗಿನ ನಂಬರು '8ಆರ್02ಎಸ್' ಎಂದು ಶುರುವಾಗುತ್ತದೆ. 8 ಎಂದರೆ 1968ರ ಮಾದರಿ, 'ಆರ್' ಎಂದರೆ ಸ್ಯಾನ್ ಹೋಸೆಯ ಕಾರ್ಖಾನೆ, 02 ಎಂದರೆ ಹಿಂಬದಿ ಇಳಿಜಾರಾದ ಫಾಸ್ಟ್‌ಬ್ಯಾಕ್ ಮೈ, 'ಎಸ್' ಎಂದರೆ 390 ಘನ ಅಂಗುಲದ ಎಂಜಿನ್. ಓದಲು ಬಂದವನಿಗೆ ಐದು ಅಕ್ಷರಗಳಲ್ಲೇ ಅರ್ಧ ಜಾತಕ ಸಿಕ್ಕಿತು. 1970ರ ಪ್ಲಿಮತ್ ಕಾರಿನಲ್ಲಿ ಐದನೆಯ ಅಕ್ಷರ 'ಆರ್' ಇದ್ದರೆ ಮಾತ್ರ ಅದು ಹುಟ್ಟಿನಿಂದ ಹೆಮಿ. ಬೇರೆ ಅಕ್ಷರವಿದ್ದು ಒಳಗೆ ಹೆಮಿ ಎಂಜಿನ್ ಕೂತಿದ್ದರೆ ಅದು ಆಮೇಲೆ ಬಂದು ಸೇರಿದ್ದು.

ಎಲ್ಲ ಕಂಪನಿಯೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲ. 1964, 1965ರ ಜಿಟಿಓಗಳ ಚಾಸಿಸ್ ನಂಬರು ನೋಡಿದರೆ ಅದು ಜಿಟಿಓ ಎಂದು ತಿಳಿಯುವುದೇ ಇಲ್ಲ. ಹೆಚ್ಚುವರಿ ಸೌಲಭ್ಯವೆಂದು ಆಡಿದ ಆಟದ ಫಲ ಇದು. 1970ರ ಷೆವ್ರೊಲೆ ಷೆವೆಲ್ ಎಸ್‌ಎಸ್ 454ರದು ಇನ್ನೂ ಕಷ್ಟ. ಅದರ 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್ನಿಗಾಗಿ ಜನ ಲಕ್ಷಾಂತರ ಡಾಲರ್ ಸುರಿಯುತ್ತಾರೆ. ಆದರೆ ಅದರ ಚಾಸಿಸ್ ನಂಬರು ಎಂಟು ಸಿಲಿಂಡರಿನ ಎಂಜಿನ್ ಎನ್ನುತ್ತದೆಯೇ ಹೊರತು ಯಾವ ಎಂಜಿನ್ ಎನ್ನುವುದಿಲ್ಲ. ಆಗ ಮೊರೆ ಹೋಗಬೇಕಾದ್ದು ಕಾಗದಕ್ಕೆ. ಫೋರ್ಡ್ ಕಾರಿಗೆ ಕಂಪನಿಯ ಹಳೆಯ ದಾಖಲೆಗಳಿಂದ ತೆಗೆದುಕೊಡುವ 'ಮಾರ್ಟಿ ವರದಿ' ಇದೆ. ಪಾಂಟಿಯಾಕ್‌ಗೂ ಅಂಥದೇ ಸೇವೆ ಇದೆ. ಅಮೆರಿಕದ ಷೆವ್ರೊಲೆಗೆ ಅಂಥ ಅನುಕೂಲವಿಲ್ಲ. ಕಾರ್ಖಾನೆಯಲ್ಲಿ ಯಾವ ಭಾಗ ಜೋಡಿಸಬೇಕೆಂದು ಕೆಲಸಗಾರರಿಗೆ ಕೊಡುತ್ತಿದ್ದ ಚೀಟಿಯನ್ನು ಅವರು ಕೆಲಸ ಮುಗಿದ ಮೇಲೆ ಸೀಟಿನ ಸ್ಪ್ರಿಂಗ್ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೋ ಬಿಟ್ಟುಬಿಡುತ್ತಿದ್ದರು. ಐವತ್ತು ವರ್ಷಗಳ ನಂತರ ಟ್ಯಾಂಕು ಇಳಿಸಿದಾಗ ಆ ಜೀರ್ಣ ಚೀಟಿ ಸಿಕ್ಕರೆ ಲಾಟರಿ ಹೊಡೆದ ಹಾಗೆ. ಕಾಗದವನ್ನೂ ಹಳೆಯದರಂತೆ ಕಾಣಿಸುವ ಪ್ರವೀಣರು ಇದ್ದಾರೆ ಎನ್ನುವುದು ಬೇರೆ ಮಾತು.

ಎರಡನೆಯದು ಎಂಜಿನ್ ನಂಬರು. ಕಾರಿನ ನಂಬರಿನ ಒಂದು ಭಾಗವನ್ನು ಎಂಜಿನ್ ಮೇಲೂ ಒತ್ತಿರುತ್ತಾರೆ. ಎರಡೂ ಹೊಂದಿದರೆ ಹುಟ್ಟಿದಾಗಿನ ಎಂಜಿನ್ ಎಂದು ಲೆಕ್ಕ, ಬೆಲೆ ಎಷ್ಟೋ ಪಾಲು ಹೆಚ್ಚು. ಮೋಸಗಾರ ಬೇರೆ ಎಂಜಿನ್ ತಂದು, ಹಳೆಯ ನಂಬರು ಉಜ್ಜಿ ಅಳಿಸಿ, ಬೇಕಾದ್ದನ್ನು ಒತ್ತುತ್ತಾನೆ. ಕಾರ್ಖಾನೆಯ ಯಂತ್ರ ಆ ಲೋಹವನ್ನು ಕೊರೆದಾಗ ಕೂದಲೆಳೆಯಷ್ಟು ಸಣ್ಣ ಸಮಾನಾಂತರ ಗೆರೆಗಳು ಉಳಿದಿರುತ್ತವೆ. ಉಜ್ಜಿದರೆ ಅವು ಮಾಯ. ಭೂತಗನ್ನಡಿ ಹಿಡಿದು ಅದನ್ನೇ ಹುಡುಕುತ್ತಾರೆ ಬಲ್ಲವರು. ಇನ್ನೊಂದು ಪರೀಕ್ಷೆಗೆ ಶಾಲೆಯ ಹುಡುಗನ ತರ್ಕ ಸಾಕು. ಎಂಜಿನ್ನಿನ ಎರಕದ ಮೇಲೆ ಎರಕ ಹೊಯ್ದ ದಿನಾಂಕದ ಗುರುತು ಇರುತ್ತದೆ. ಕಾರು ಮಾರ್ಚಿಯಲ್ಲಿ ತಯಾರಾಗಿ ಎಂಜಿನ್ ಮೇ ತಿಂಗಳಲ್ಲಿ ಎರಕ ಹೊಯ್ದದ್ದಾದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ!

ಮೈಯ ತುಕ್ಕಿಗೆ ಪುಟ್ಟಿ ಮೆತ್ತಿದ್ದರೆ ಒಂದು ಸಣ್ಣ ಅಯಸ್ಕಾಂತ ಸಾಕು. ಪುಟ್ಟಿ ದಪ್ಪವಾಗಿದ್ದಲ್ಲಿ ಅದು ಕಚ್ಚುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಕಳವಿನ ಮಾಲು. 1969ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬನ ಹೊಸ ಕಾರ್ವೆಟ್ ಕಾರು ಕಳುವಾಯಿತು. 37 ವರ್ಷಗಳ ನಂತರ ಅದೇ ಕಾರು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನಿಂದ ಸ್ವೀಡನ್ನಿಗೆ ಹೊರಟಿತ್ತು. ಸುಂಕದ ಅಧಿಕಾರಿಗಳು ನಂಬರು ತಾಳೆ ನೋಡಿದಾಗ ಹಳೆಯ ದೂರು ಸಿಕ್ಕಿತು. 2006ರಲ್ಲಿ ಕಾರು ಮೊದಲ ಮಾಲೀಕನ ಕೈ ಸೇರಿತು. ಕಳ್ಳನಿಂದ ಕೊಂಡವನಿಗೆ ಹಕ್ಕು ಹುಟ್ಟುವುದಿಲ್ಲ. ಅವನಿಂದ ಕೊಂಡವನಿಗೂ ಇಲ್ಲ, ಅವನ ನಂತರದವನಿಗೂ ಇಲ್ಲ. ಆದ್ದರಿಂದಲೇ ನಂಬರಿನ ತಗಡನ್ನು ಕೂರಿಸಿದ ಹೂವಿನಾಕಾರದ ರಿವೆಟ್‌ಗಳನ್ನೂ ಜಾಣ ಗಿರಾಕಿ ಬಿಡದೆ ನೋಡುತ್ತಾನೆ. ಚಾಸಿಸ್ ನಂಬರು ತಿದ್ದುವುದು ಅಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ.

ಇಷ್ಟನ್ನೆಲ್ಲ ನೋಡುವ ಕಾಲ ಹರಾಜಿನ ಹಿಂದಿನ ಎರಡು ಮೂರು ದಿನಗಳು. ವೇದಿಕೆಗೆ ಬಂದ ಕಾರಿಗೆ ಸಿಗುವುದು ಎರಡು ಮೂರು ನಿಮಿಷ ಮಾತ್ರ. ದೀಪ, ಟಿವಿ ಕ್ಯಾಮೆರಾ, ಗಂಟಲು ಹರಿಯುವ ಹರಾಜುಗಾರ, ಪಕ್ಕದಲ್ಲೇ ನಿಂತು ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಹುರಿದುಂಬಿಸುವ ಸಂಸ್ಥೆಯ ಜನ. ಕೈಯಲ್ಲಿ ಒಂದು ಗ್ಲಾಸೂ ಇದ್ದರೆ ಕೇಳುವುದೇ ಬೇಡ. ಕಾರನ್ನು ಒಂದು ಫರ್ಲಾಂಗು ಓಡಿಸಿ ನೋಡುವ ಅವಕಾಶವೂ ಸಾಮಾನ್ಯವಾಗಿ ಇರುವುದಿಲ್ಲ. 'ಇದ್ದದ್ದು ಇದ್ದ ಹಾಗೆ' ಎಂಬುದು ಷರತ್ತು. ಸುತ್ತಿಗೆ ಬಿದ್ದ ಮೇಲೆ ಮನೆಗೆ ತಂದು ನೋಡಿ ಹಿಂತಿರುಗಿಸುತ್ತೇನೆ ಎಂದರೆ ಕೇಳುವವರಿಲ್ಲ. ಮಾಲೀಕ ಕನಿಷ್ಠ ಬೆಲೆ ಗೊತ್ತುಮಾಡಿದ್ದರೆ, ಅದು ಮುಟ್ಟುವ ತನಕ ಹರಾಜುಗಾರ ಅವನ ಪರವಾಗಿ ತಾನೇ ಸವಾಲು ಕೂಗಬಹುದು. ಷರತ್ತಿನಲ್ಲಿ ಬರೆದಿದ್ದರೆ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ತನ್ನ ಎದುರಾಳಿ ಗೋಡೆಯೇ ಎಂದು ತಿಳಿಯದೆ ಗೋಡೆಯೊಡನೆ ಪೈಪೋಟಿಗೆ ಬಿದ್ದವರಿಗೆ ಲೆಕ್ಕವಿಲ್ಲ. ಕೂಗಿದ ಬೆಲೆಯೇ ಕೊನೆಯದೂ ಅಲ್ಲ. ಶೇಕಡಾ 10ರಷ್ಟು ಕಮಿಷನ್, ಅದರ ಮೇಲೆ ತೆರಿಗೆ, ಲಾರಿ ಸಾಗಣೆ, ವಿಮೆ, ನಿಲ್ಲಿಸಲು ಜಾಗ.

ಇಷ್ಟೆಲ್ಲ ಸರಿಯಾಗಿದ್ದ, ಯಾವ ಸಂಶಯವೂ ಇಲ್ಲದ ಕಾರಾದರೂ ಲಾಭ ತಂದೇ ತರುತ್ತದೆಯೆ? ಕ್ಯಾರಲ್ ಶೆಲ್ಬಿ ತನಗಾಗಿ ಕಟ್ಟಿಸಿಕೊಂಡ 'ಸೂಪರ್ ಸ್ನೇಕ್' ಕೋಬ್ರಾ ಕಾರನ್ನೇ ನೋಡಿ. ಮಸಲ್ ಕಾರುಗಳ ಸಾಲಿಗೆ ಇದು ಪೂರ್ತಿ ಸೇರುವುದಿಲ್ಲ, ಆದರೆ ಅದೇ ಸಂತೆಯ ಅದೇ ಗಿರಾಕಿಗಳು. ಮಾಡಿದ್ದೇ ಎರಡು, ಉಳಿದದ್ದು ಇದೊಂದೇ. 2007ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ 55 ಲಕ್ಷ ಡಾಲರಿಗೆ ಹೋಯಿತು. ಅದನ್ನು ಕೊಂಡವನು 2015ರಲ್ಲಿ ಅಲ್ಲಿಯೇ ಮಾರಿದಾಗ ಬಂದ ಬೆಲೆ 51.15 ಲಕ್ಷ. 2021ರಲ್ಲಿ ಮತ್ತೆ ಹರಾಜಾಯಿತು. ಮತ್ತೆ ಅದೇ 55 ಲಕ್ಷ. ಈ ಹದಿನಾಲ್ಕು ವರ್ಷಗಳಲ್ಲಿ ಡಾಲರಿನ ಕೊಳ್ಳುವ ಶಕ್ತಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಕರಗಿತ್ತು. ಪತ್ರಿಕೆಗಳಲ್ಲಿ ದಾಖಲೆ ಬೆಲೆ ಎಂಬ ತಲೆಬರಹ ಓದಿ, ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿಡುವ ಬದಲು ಗ್ಯಾರೇಜಿನಲ್ಲಿಟ್ಟರಾಯಿತು ಎಂದುಕೊಂಡವರು ಈ ಲೆಕ್ಕವನ್ನು ಹಾಕಿರುವುದಿಲ್ಲ.

ಹಳೆಯ ಕಾರಿನ ಬೆಲೆ ಅದನ್ನು ಬಾಲ್ಯದಲ್ಲಿ ಆಸೆಪಟ್ಟವರ ಆಯುಸ್ಸಿಗೆ ಕಟ್ಟಿಬಿದ್ದಿರುತ್ತದೆ. 1970ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಕೊಳ್ಳುವ ವಯಸ್ಸು ಕಳೆದು, ಕೂಡಿಟ್ಟದ್ದನ್ನು ವಿಲೇವಾರಿ ಮಾಡುವ ವಯಸ್ಸಿಗೆ ಬಂದಿದ್ದಾರೆ. ಅವರ ಮಕ್ಕಳ, ಮೊಮ್ಮಕ್ಕಳ ಗೋಡೆಯ ಮೇಲೆ ಅಂಟಿಸಿದ್ದ ಚಿತ್ರಗಳೇ ಬೇರೆ. 2021ರ ಜೂನ್‌ನಲ್ಲಿ ಲಾಸ್ ವೇಗಸ್‌ನ ಹರಾಜಿಗೆ ಕಿತ್ತಳೆ ಬಣ್ಣದ ಜಪಾನೀ ಕಾರೊಂದು ಬಂತು. 1994ರ ಟೊಯೋಟಾ ಸುಪ್ರಾ. 2001ರ 'ಫಾಸ್ಟ್ ಅಂಡ್ ಫ್ಯೂರಿಯಸ್' ಚಿತ್ರದಲ್ಲಿ ಓಡಿದ್ದು, ಅದಕ್ಕೂ ಕಾಗದಪತ್ರಗಳಿದ್ದವು. ಐದೂವರೆ ಲಕ್ಷ ಡಾಲರಿಗೆ ಹೋಯಿತು.