ಸಾಗರದಿಂದ ಸಮುದ್ರಕ್ಕೆ

ಊರಿನ ಹೆಸರು ಸಾಗರವಾದರೂ ಅಲ್ಲಿಯವರು ಸಮುದ್ರವನ್ನು ಕಾಣಬೇಕಾದರೆ ಘಟ್ಟವನ್ನಿಳಿದೇ ಹೋಗಬೇಕು. ಕಳೆದ ಮಾಘ ಮಾಸದಲ್ಲಿ ನಮಗೆ ಅಂತಹದೊಂದು ಪ್ರಯಾಣವು ಒದಗಿತು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನಿಗೆ ಕೆಲವು ವರ್ಷಗಳಿಂದ ಕಡಲೊಳಗೆ ಮುಳುಗಿ ಈಜುವ ಹವ್ಯಾಸವು ಹತ್ತಿದೆ. ಮುರುಡೇಶ್ವರದ ದಡದಿಂದ ಸುಮಾರು ೧೯ ಕಿಲೋಮೀಟರ್ ದೂರದಲ್ಲಿ ನೇತ್ರಾಣಿಯೆಂಬ ದ್ವೀಪವುಂಟು. ಅದರ ಸುತ್ತಲಿನ ಹವಳಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡಲು ಮಳೆಗಾಲ ಕಳೆದ ಮೇಲೆ ದೂರದೂರದ ಜನರು ಬರುತ್ತಾರೆ. ಅಳಿಯನು ಸಾಗರದ ಮನೆಗೆ ಬಂದವನು ತನ್ನ ತಾಯಿಯನ್ನೂ, ಆರು ವರ್ಷದ ಮಗಳನ್ನೂ, ನನ್ನನ್ನೂ ಮೋಟಾರಿನಲ್ಲಿ ಕೂರಿಸಿಕೊಂಡು ಹೊರಟನು.

ಹಿಂದಿನ ಆಸನದ ಬೆನ್ನಿಗಿದ್ದ ಸಾಮಾನಿನ ಎಡೆಯಲ್ಲಿ ಮುಖ್ಯವಾಗಿ ಎರಡು ಹೊರೆಗಳಿದ್ದವು. ಒಂದು, ಮುರುಡೇಶ್ವರದ ನಂಟರಿಗೆಂದು ಅಕ್ಕ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಮತ್ತೊಂದು, ಅಳಿಯನು ಬೆಂಗಳೂರಿನಲ್ಲಿ ಗಾಳಿ ತುಂಬಿಸಿ ತಂದಿದ್ದ ಜೋಡಿ ಸಿಲಿಂಡರುಗಳು. ಭರಣಿಗೆ ನಡೆದ ಉಪಚಾರವನ್ನು ಏನೆಂದು ಹೇಳಲಿ! ಬಾಯಿಗೆ ಬಟ್ಟೆ ಬಿಗಿದು, ಮೂಲೆಗೆ ಒತ್ತರಿಸಿ, ಸುತ್ತಲೂ ಹಳೆಯ ಸೀರೆಗಳನ್ನು ತುರುಕಿ, ಮೇಲೊಂದು ಹಗ್ಗವನ್ನೂ ಕಟ್ಟಿಸಿದ್ದಳು. ಸಿಲಿಂಡರುಗಳಾದರೋ ಬರಿಯ ಚಾಪೆಯ ಮೇಲೆ, ತಲೆಯನ್ನು ನಮ್ಮ ಕಡೆಗೆ ಮಾಡಿಕೊಂಡು ಉದ್ದಕ್ಕೆ ಮಲಗಿದ್ದವು.

“ಇದರಲ್ಲಿರುವುದು ಆಮ್ಲಜನಕವೇನಪ್ಪಾ?” ಎಂದು ಕೇಳಿದೆನು.

“ಅಲ್ಲ ಮಾವ, ನಾವು ಉಸಿರಾಡುವ ಗಾಳಿಯೇ. ಸೋಸಿ, ತೇವ ತೆಗೆದು, ಒತ್ತಿ ತುಂಬಿದ್ದು” ಎಂದನು.

೧೧ ಲೀಟರ್ ನೀರು ಹಿಡಿಯುವಂತಹ ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಸುಮಾರು ೨,೨೦೦ ಲೀಟರ್ ಗಾಳಿಯು ಅಡಗಿರುತ್ತದಂತೆ. ಅದರ ಒತ್ತಡ ೨೦೦ ಬಾರ್. ಎಂದರೆ ಮೋಟಾರಿನ ಚಕ್ರದೊಳಗಿನ ಒತ್ತಡದ ಸುಮಾರು ತೊಂಬತ್ತು ಪಾಲು. ಗಾಳಿಗೆ ತೂಕವೇ ಇಲ್ಲವೆಂದು ಭಾವಿಸುವ ನಮ್ಮಂತಹವರಿಗೆ ಇನ್ನೊಂದು ಸೋಜಿಗವೆಂದರೆ, ಒಳಗಿನ ಗಾಳಿಯೇ ಎರಡೂವರೆ ಕಿಲೋಗ್ರಾಮಿಗೆ ಮಿಗಿಲಾಗಿ ತೂಗುವುದು. ಪಾತ್ರೆಯೂ ಕೂಡಿ ಒಂದೊಂದರ ಭಾರ ಸುಮಾರು ೧೭ ಕಿಲೋಗ್ರಾಮ್.

ತಾಳಗುಪ್ಪವನ್ನು ದಾಟಿ, ಜೋಗದ ಬಳಿಯ ಕಾಡನ್ನು ಹಾದು, ಮಾವಿನಗುಂಡಿಯಿಂದ ಗೇರುಸೊಪ್ಪೆಯ ಘಟ್ಟವನ್ನಿಳಿಯತೊಡಗಿದೆವು. ಎಡಬಲಕ್ಕೆ ಹಸುರು ಕಣಿವೆಗಳು. ಮಂಜು ಇನ್ನೂ ಕರಗಿರಲಿಲ್ಲ. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಬೆನ್ನ ಹಿಂದೆ ‘ಢಣ್’ ಎಂಬ ಸದ್ದು. ಅಕ್ಕ ಎರಡು ಸಲ ಹೇಳಿದಳು. “ಗಟ್ಟಿ ಪಾತ್ರೆ ಅಮ್ಮಾ, ಏನೂ ಆಗದು” ಎಂದು ಅವನು ನಕ್ಕುಬಿಟ್ಟನು.

ಘಟ್ಟವಿಳಿದ ಮೇಲೆ ಶರಾವತಿಯ ದಡದಗುಂಟ ಅಡಕೆ ತೋಟಗಳ ನೆಳಲಿನಲ್ಲಿ ರಸ್ತೆಯು ಹಾಯಾಗಿ ಸಾಗಿತ್ತು. ಅಷ್ಟರಲ್ಲಿ ತೋಟದ ಬೇಲಿಯಿಂದ ಕರುವೊಂದು ಹಾರಿ ರಸ್ತೆಗೆ ಬಂದಿತು. ಅಳಿಯನು ಬ್ರೇಕನ್ನು ಬಲವಾಗಿ ಒತ್ತಿದನು. ಕರು ಉಳಿಯಿತು, ಆದರೆ ಒಂದು ಸಿಲಿಂಡರು ಮುಂದಕ್ಕೆ ಜಾರಿ ಹಿಂದಿನ ಆಸನಕ್ಕೆ ಧಡಾರನೆ ಬಡಿಯಿತು. ಅದು ಬಡಿದುದು ಮಗು ಒರಗಿದ್ದ ಕಡೆಯಲ್ಲಿಯೇ. ಮಗುವಿಗೆ ಪೆಟ್ಟಾಗಲಿಲ್ಲ, ಬೆಚ್ಚಿ ಅಳತೊಡಗಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ ಅಳಿಯನ ಕೈಗಳು ನಡುಗುತ್ತಿದ್ದವು.

ಅಕ್ಕ ಮಗುವನ್ನು ಎತ್ತಿಕೊಂಡು ಒಂದೇ ಮಾತು ಕೇಳಿದಳು: “ನನ್ನ ಭರಣಿ ಅಲುಗಲಿಲ್ಲ. ನಿನ್ನ ಉಸಿರಿನ ಕೊಡ ಯಾಕಪ್ಪಾ ಉರುಳಿತು?” ಅವನಲ್ಲಿ ಉತ್ತರವಿರಲಿಲ್ಲ. ಹೊನ್ನಾವರದಲ್ಲಿ ಹಗ್ಗವನ್ನು ಕೊಂಡು, ಎರಡನ್ನೂ ಕಟ್ಟಿ, ಮಂಕಿಯ ಮಾರ್ಗವಾಗಿ ಮೆಲ್ಲನೆ ಮುರುಡೇಶ್ವರವನ್ನು ಸೇರಿದೆವು.

ಅಲ್ಲಿ ಮುಳುಗುವ ವಿದ್ಯೆಯನ್ನು ಕಲಿಸುವವರೊಬ್ಬರು ಆ ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಿ, “ಇದರ ವಾಲ್ವನ್ನು ಬಿಚ್ಚಿ ಪರೀಕ್ಷಿಸುವ ತನಕ ಇದು ನೀರಿಗಿಳಿಯಕೂಡದು” ಎಂದು ಬದಿಗಿಟ್ಟರು. ಬಳಿಕ ಗದರಿಸದೆಯೇ ತಿಳಿಯಹೇಳಿದರು. ೬೦ ಕಿಲೋಮೀಟರ್ ವೇಗದ ಗಾಡಿಯು ತಟ್ಟನೆ ನಿಂತರೆ ಒಳಗಿನ ಸಡಿಲ ವಸ್ತುವು ಅದೇ ವೇಗದಿಂದ ಮುಂದೆ ಬರುವುದು. ಅದರ ಪೆಟ್ಟು ಸುಮಾರು ೧೪ ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ಸಮಾನ. ಸಿಲಿಂಡರು ಬರಿದಾಗಿದ್ದರೂ ಈ ಅಪಾಯವು ತಪ್ಪದು. ತುಂಬಿದ್ದು ವಾಲ್ವು ಮುರಿದರಂತೂ ಗಾಳಿಯು ಒಂದು ಕಡೆಗೆ ನುಗ್ಗಿ ಪಾತ್ರೆಯನ್ನು ಇನ್ನೊಂದು ಕಡೆಗೆ ಎಸೆಯುವುದು. ದೀಪಾವಳಿಯ ಬಾಣವು ಹಾರುವುದೂ ಇದೇ ನ್ಯಾಯದಿಂದ.

ಆದುದರಿಂದ ಸಿಲಿಂಡರನ್ನು ನಿಲ್ಲಿಸದೆ ಮಲಗಿಸಬೇಕು; ಉದ್ದಕ್ಕಲ್ಲ, ಗಾಡಿಯ ಅಡ್ಡಕ್ಕೆ, ಆಸನದ ಬೆನ್ನಿಗೆ ಒತ್ತಿಕೊಂಡಿರುವಂತೆ. ಉರುಳದಂತೆ ಎರಡೂ ಕಡೆ ಮರದ ತುಂಡುಗಳನ್ನು ಕೊಟ್ಟು, ಗಾಡಿಯ ನೆಲದ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಬೇಕು. ವಾಲ್ವಿಗೆ ಯಾವುದೂ ತಾಗದಂತೆ ಎಡೆ ಬಿಡಬೇಕು. ಗಾಜು ಮುಚ್ಚಿದ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು. ೨೮ ಡಿಗ್ರಿಯಲ್ಲಿ ೨೦೦ ಬಾರ್ ಇದ್ದ ಒತ್ತಡವು ೬೦ ಡಿಗ್ರಿಯಲ್ಲಿ ಇನ್ನೂ ೨೦ ಬಾರಿನಷ್ಟು ಏರುವುದು. ಇಂತಹ ಸಿಲಿಂಡರುಗಳನ್ನು ಸೈಕಲ್ಲು, ಮೋಟಾರುಸೈಕಲ್ಲುಗಳ ಮೇಲೆ ಒಯ್ಯುವುದನ್ನು ೨೦೧೬ರ ಅನಿಲ ಸಿಲಿಂಡರುಗಳ ನಿಯಮಾವಳಿಯೂ ನಿಷೇಧಿಸಿದೆ. “ಮೇಲಾಗಿ, ಗಾಳಿ ತುಂಬುವ ಯಂತ್ರವು ಇಲ್ಲಿಯೇ ಇರುವಾಗ ಬೆಂಗಳೂರಿನಿಂದ ತುಂಬಿಸಿ ತರುವುದೇಕೆ? ತೇವವು ಒಳಗೆ ಸೇರದಷ್ಟು ಸ್ವಲ್ಪ ಗಾಳಿಯನ್ನು ಉಳಿಸಿಕೊಂಡು ಬಂದರೆ ಸಾಕು” ಎಂದರು.

ಮರುದಿನ ಅಳಿಯನು ಬಾಡಿಗೆಯ ಸಿಲಿಂಡರಿನೊಡನೆ ದೋಣಿಯೇರಿದನು. ಬೀಳ್ಕೊಡಲು ಹೋದ ನಾವು ಕಂಡುದಿಷ್ಟು: ದೋಣಿಯ ಅಂಚಿನಲ್ಲಿ ಸಿಲಿಂಡರುಗಳಿಗಾಗಿಯೇ ಮಾಡಿದ ಗೂಡುಗಳಿದ್ದವು. ಒಂದೊಂದನ್ನೂ ಅದರೊಳಗಿರಿಸಿ ಪಟ್ಟಿ ಬಿಗಿದು, ಕೈಯಿಂದ ಅಲುಗಿಸಿ ನೋಡುವವರೆಗೆ ದೋಣಿಯವನು ಹಗ್ಗವನ್ನು ಬಿಚ್ಚಲಿಲ್ಲ. ಕಡಲು ಅಲುಗುವುದೆಂಬುದು ಅವನಿಗೆ ಗೊತ್ತು. ರಸ್ತೆಯೂ ಅಲುಗುವುದೆಂಬುದನ್ನು ನಾವು ಮರೆತಿದ್ದೆವು.

ಮೂರನೆಯ ದಿನ ಹಿಂದಿರುಗಿದೆವು. ಭರಣಿಯು ನಂಟರ ಮನೆಯಲ್ಲಿ ಉಳಿದಿತ್ತು. ಅದರ ಹಳೆಯ ಸೀರೆಗಳನ್ನು ಅಳಿಯನೇ ಕೇಳಿ ಪಡೆದು, ಪಟ್ಟಿ ಬಿಗಿದ ಸಿಲಿಂಡರುಗಳ ಸಂದಿಗೆ ತುರುಕಿದನು. ಅಕ್ಕ ಬಂದು ಕೈಯಿಟ್ಟು ಅಲುಗಿಸಿ ನೋಡಿ, “ಇನ್ನು ಹೊರಡು” ಎಂದಳು. ಸಂಜೆಯ ಹೊತ್ತಿಗೆ ಘಟ್ಟವನ್ನೇರಿದೆವು. ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿತ್ತು. ಮಾವಿನಗುಂಡಿಯವರೆಗಿನ ಅಷ್ಟೂ ತಿರುವುಗಳಲ್ಲಿ ಹಿಂದಿನಿಂದ ಒಂದು ಸದ್ದೂ ಕೇಳಲಿಲ್ಲ.