ಗಂಟಿನೊಳಗಿನ ಕೆಂಪು

ಅಲಸಂದೆ ಹೂ ಬಿಟ್ಟಿದೆ. ಮೊನ್ನೆ ಮಳೆ ಹೊಳವಾದಾಗ ಒಂದು ಗಿಡ ಅಗೆದು, ಬಕೆಟ್ ನೀರಿನಲ್ಲಿ ಬೇರು ಅದ್ದಿದೆ. ತಾಯಿಬೇರಿನ ಬುಡದಲ್ಲಿ ಗಂಟುಗಳ ಗೊಂಚಲು! ಒಂದನ್ನು ಉಗುರಿನಿಂದ ಸೀಳಿದರೆ ಒಳಗೆಲ್ಲ ನಸುಗೆಂಪು, ಬೆರಳಿಗೂ ಹತ್ತಿತು. ನಮ್ಮ ನೆತ್ತರಿನ ಹಿಮೋಗ್ಲೋಬಿನ್ ಬಳಗಕ್ಕೇ ಸೇರಿದ ಲೆಗ್‌ಹಿಮೋಗ್ಲೋಬಿನ್ ಅದು. ಆಮ್ಲಜನಕ ಹೆಚ್ಚಾದರೆ ಸಾರಜನಕ ಹಿಡಿಯುವ ಕಿಣ್ವ ಕೆಡುತ್ತದೆ, ಕಡಿಮೆಯಾದರೆ ಗಂಟಿನೊಳಗೆ ನೆಲೆಸಿ ಆ ಸಾರಜನಕವನ್ನು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂಗೆ ಉಸಿರು ಕಟ್ಟುತ್ತದೆ. ಎರಡೂ ಆಗದಂತೆ ಅಳೆದು ಉಣಿಸುವುದು ಈ ಕೆಂಪಿನ ಕೆಲಸ. ಕಾಯಿ ಬಿಡಿಸುವುದಕ್ಕಿಂತ ನನಗೆ ಈ ಗಳಿಗೆಯೇ ಇಷ್ಟ.

ಗಿಡವನ್ನು ಜಗ್ಗಿ ಕೀಳುವವರ ಜೊತೆ ನನ್ನದು ಹಳೆಯ ಜಗಳ. ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುವಂಥದ್ದು. ಜಗ್ಗಿದರೆ ಮಣ್ಣಿನಲ್ಲೇ ಉದುರುತ್ತದೆ. ಬರಿಬೇರು ಎತ್ತಿ ಹಿಡಿದು ‘ಮಣ್ಣು ಸತ್ತಿದೆ’ ಎಂದು ತೀರ್ಪು ಕೊಡುತ್ತಾರೆ. ಬುಡದಿಂದ ಗೇಣು ದೂರ ಸಲಿಕೆ ಇಳಿಸಿ, ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ಮಣ್ಣು ತಾನಾಗಿ ಕರಗುವ ತನಕ ಕಾಯಬೇಕು. ಉಜ್ಜಲೇಬಾರದು. ಕಾಯಿ ಬಲಿತ ಮೇಲೆ ಅಗೆದು ನೋಡಿಯೂ ಫಲವಿಲ್ಲ, ಅಷ್ಟರಲ್ಲಿ ಒಳಗಿನ ಕೆಂಪು ಹಸಿರಿಗೆ ತಿರುಗಿ ಗಂಟು ಕೊಳೆಯತೊಡಗಿರುತ್ತದೆ.

ಗಂಟು ಕಂಡ ಕೂಡಲೇ ರೋಗ ಎನ್ನುವವರನ್ನು ಕಂಡರಂತೂ ಮೈ ಉರಿಯುತ್ತದೆ. ಪರಿಚಯದ ರೈತರೊಬ್ಬರು ಇಂಥದೇ ಬೇರು ಒಯ್ದು ತೋರಿಸಿದಾಗ ಗೊಬ್ಬರದಂಗಡಿಯವರು ಜಂತುಹುಳುವಿನ ಔಷಧಿ ಕಟ್ಟಿಕೊಟ್ಟರು. ಜಂತುಹುಳು ಹೊಕ್ಕರೆ ಬೇರೇ ಊದುತ್ತದೆ, ಆ ಊತವನ್ನು ಬೇರಿನಿಂದ ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಹೆಬ್ಬೆರಳಿನಿಂದ ಒತ್ತಿದರೆ ಕಳಚುತ್ತದೆ. ಅಷ್ಟನ್ನೂ ನೋಡದೆ ಬಡವರ ಕೈಗೆ ವಿಷ ಮಾರುವುದು ಅನ್ಯಾಯ.

ಗಿಡಕ್ಕಾದರೋ ಗಂಟಿನೊಳಗೆ ದುಡಿಯುವವರ ಲೆಕ್ಕ ಗೊತ್ತು. 2003ರಲ್ಲಿ ವಿಜ್ಞಾನಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ಸೋಯಾ ಗಂಟುಗಳ ಸುತ್ತಲಿನ ಗಾಳಿಯಲ್ಲಿ ಸಾರಜನಕವನ್ನು ಬಹುಪಾಲು ತೆಗೆದು ಆರ್ಗಾನ್ ತುಂಬಿದರು. ಸಾರಜನಕ ಕೊಡಲಾಗದ ಆ ಗಂಟುಗಳಲ್ಲಿ ಬ್ಯಾಕ್ಟೀರಿಯಾದ ಸಂತಾನ ಸುಮಾರು ಅರ್ಧಕ್ಕೆ ಇಳಿಯಿತು. ದುಡಿಯದವರಿಗೆ ಗಿಡ ಆಮ್ಲಜನಕವನ್ನೇ ಬಿಗಿಹಿಡಿಯುತ್ತದೆ ಎಂಬುದಕ್ಕೆ ಗುರುತುಗಳೂ ಸಿಕ್ಕವು. ಕಣ್ಣಿಲ್ಲದ ಬೇರು ಮಣ್ಣಿನೊಳಗೆ ಇಷ್ಟು ಖಚಿತವಾಗಿ ಯಾರು ದುಡಿದರು, ಯಾರು ಬಿಟ್ಟರು ಎಂದು ಕಂಡುಕೊಳ್ಳುವುದು ನನಗೆ ಇವತ್ತಿಗೂ ಬೆರಗು.

ಇದೇ ಲೆಕ್ಕದಲ್ಲಿ, ಮಣ್ಣಿನಲ್ಲಿ ನೈಟ್ರೇಟ್ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಬೆಲ್ಲದ ನೀರಿನಲ್ಲಿ ರೈಜೋಬಿಯಂ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದ್ದೀರಿ ಎನ್ನಿ. ಇನ್ನು ಮೇಲುಗೊಬ್ಬರವೆಂದು ಯೂರಿಯಾ ಎರಚಬೇಡಿ. ಹೂ ಬಿಡುವಾಗ ಒಂದು ಗಿಡ ಅಗೆದು ಗಂಟು ಸೀಳಿ ನೋಡಿ; ಒಳಗೆ ಕೆಂಪಿದ್ದರೆ ಆ ಯೂರಿಯಾ ಚೀಲದ ದುಡ್ಡು ಉಳಿಯಿತು.